ಎರಡು ಬೆರಳಿನಷ್ಟು ಕಟ್ಟಿಗೆ

ನನ್ನ ಸೋದರಮಾವ ತೀರಿಕೊಂಡಾಗ ಕೊಲ್ಲಾಪುರದ ಅವನ ಮನೆಗೆ ಬಂದವರೆಲ್ಲ ಅವನ ಬಾಯಿಯನ್ನು ಹೊಗಳಿದರು. "ಏನ ಬಾಯಿ ಇತ್ತವ್ವಾ ಅಂವಂದು! ಸರದಾರ ಇರಲಿ, ಸಾವಕಾರ ಇರಲಿ, ಮಾರಿ ಮ್ಯಾಲೆ ಹೊಡದಂಗ ಹೇಳ್ತಿದ್ದ" ಎಂದು ಓಣಿಯ ಹೆಂಗಸರು ಅಂದರು. ಗಡಹಿಂಗ್ಲಜದ ಕಡೆಯ ನಮ್ಮ ಊರಿನಿಂದ ಅಪ್ಪ ಬಂದಿದ್ದ. ಗೋಡೆಗೆ ಒರಗಿ ಕೂತು, ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, "ಖರೆ ಹೇಳೂ ಗಂಡಸು ಹ್ವಾದ" ಎಂದು ಅತ್ತ. ನಾನು ಎದ್ದು ಹಿತ್ತಲಿಗೆ ಹೋದೆ. ಅಳು ನನಗೂ ಬರುತ್ತಿತ್ತು. ಆದರೆ ಅಪ್ಪನ ಅಳುವಿನ ಜೊತೆಗೆ ನನ್ನದನ್ನು ಕೂಡಿಸಲು ಮನಸ್ಸಾಗಲಿಲ್ಲ.

ಮಾಮಾನಿಗೆ ಬಾಯಿ ಇತ್ತು, ಸುಳ್ಳಲ್ಲ. ಒಂದು ಮನೆಯಲ್ಲಿ, ಒಂದು ಹಬ್ಬದ ದಿನ, ಅದು ತೆರೆಯಲಿಲ್ಲ. ತೆರೆಯಲೇಬೇಕಾಗಿದ್ದ ದಿನ ಅದು. ತೆರೆಯದ್ದರಿಂದ ನನ್ನ ತಮ್ಮ ಮಲ್ಲು ಸತ್ತ. ಆ ಮನೆ ನಮ್ಮದೇ. ಹೊಗಳುವವರಲ್ಲಿ ಇದು ಗೊತ್ತಿದ್ದವರು ಇದ್ದರು, ಒಬ್ಬರೂ ಹೇಳಲಿಲ್ಲ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು, ನಾಲ್ಕು ಜನರ ನಡುವೆ ಎದ್ದು ಮಾತಾಡಿ ರೂಢಿಯಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೊಲ್ಲಾಪುರದ ಪೇಟೆಯಲ್ಲಿ ಒಬ್ಬ ಶೇಟಜಿಯ ಬಂದೂಕಿನ ಅಂಗಡಿ ಇತ್ತು. ಮಾಮಾ ಅಲ್ಲಿ ಗಿರಾಕಿಗಳಿಗೆ ಬಂದೂಕು ತೋರಿಸುವ ಕೆಲಸದಲ್ಲಿದ್ದ. ಗಿಡ್ಡ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕರಿ ಟೊಪ್ಪಿಗೆ, ಕಿವಿಯಲ್ಲಿ ಅತ್ತರಿನ ಹತ್ತಿ. ಆ ಅತ್ತರಿನ ಕೆಳಗೆ ಸದಾ ಬಂದೂಕಿಗೆ ಹಾಕುವ ಎಣ್ಣೆಯ ವಾಸನೆ. ಗಾಜಿನ ಕಪಾಟಿನ ಮುಂದೆ ಹಾದು ಹೋಗುವಾಗೆಲ್ಲ ಅದರಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದ. ತನ್ನನ್ನು ದೊಡ್ಡ ದೊಡ್ಡ ಪಾಟೀಲರು ಹೆಸರು ಹಿಡಿದು ಕರೆಯುತ್ತಾರೆಂಬ ಜಂಬ ಅವನಿಗೆ ಬಹಳ ಇತ್ತು. ಅವರನ್ನು ಬೈಯುವುದರಲ್ಲಿ ಅದಕ್ಕಿಂತ ಹೆಚ್ಚಿನ ಸುಖ ಇತ್ತು.

ಜನ್ಮವೆಲ್ಲ ಬಂದೂಕು ಮಾರಿದ ಅವನು ಒಂದು ಗುಬ್ಬಿಯನ್ನೂ ಹೊಡೆದವನಲ್ಲ. ಕೊರಳಲ್ಲಿ ಲಿಂಗ, ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿರಲಿಲ್ಲ. ಯಾರಾದರೂ, "ನೀವು ಶಿಕಾರಿ ಮಾಡಾಂವ್ರಲ್ಲ, ನಿಮಗೇನ ಗೊತ್ತು?" ಎಂದರೆ, "ಸೂಲಗಿತ್ತಿ ತಾ ಎಷ್ಟ ಹಡದಾಳ ಅಂತ ಕೇಳಿ ಕರಸ್ತೀರೇನ್ರಿ?" ಎನ್ನುತ್ತಿದ್ದ.

ಬೇಸಿಗೆ ಸೂಟಿಯಲ್ಲಿ ನಾನು, ಮಲ್ಲು ಕೊಲ್ಲಾಪುರಕ್ಕೆ ಹೋಗಿ ಅವನ ಮನೆಯಲ್ಲಿ ಇರುತ್ತಿದ್ದೆವು. ಅವನಿಗೆ ಮಕ್ಕಳಿರಲಿಲ್ಲ. ಮಧ್ಯಾಹ್ನ ಮಾಮಿ ಕಟ್ಟಿಕೊಟ್ಟ ಬುತ್ತಿ ತೆಗೆದುಕೊಂಡು ಅಂಗಡಿಗೆ ಹೋದರೆ ಅಲ್ಲಿಯ ತಮಾಷೆ ನೋಡಲು ಸಿಗುತ್ತಿತ್ತು. ಒಮ್ಮೆ ದತ್ತವಾಡದ ಕಡೆಯ ಒಬ್ಬ ಗೌಡರು ಮಗನನ್ನು ಕರೆದುಕೊಂಡು ಬಂದರು. ಹುಡುಗನಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಗೌಡರು ಕಪಾಟಿನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ರೈಫಲ್ಲಿಗೆ ಬೆರಳು ಮಾಡಿದರು.

"ಏನ ಹೊಡೀತಾನ್ರಿ ಹುಡುಗ?" ಮಾಮಾ ಕೇಳಿದ.

"ಚಿಗರಿ. ನಮ್ಮ ಕಡೆ ಕಡ್ಲಿ ಹೊಲಕ್ಕ ಬರ್ತಾವು."

"ಚಿಗರಿ ಹೊಡಿಯಾಕ ಆನಿ ಹೊಡಿಯೂ ಬಂದೂಕ ಯಾಕ್ರಿ?"

"ಇರಲಿ ಬಿಡ್ರಿ, ನಾಳೆ ದೊಡ್ಡಾಂವ ಆಗ್ತಾನಲ್ಲ."

"ಹಂಗಾರ ನಿಮ್ಮ ಧೋತರಾ ಬಿಚ್ಚಿ ಈಗ ಅಂವಗ ಉಡಸ್ರಿ. ನಾಳೆ ದೊಡ್ಡಾಂವ ಆಗ್ತಾನಲ್ಲ."

ಒಳಗಿನಿಂದ ಶೇಟಜಿ ಮರಾಠಿಯಲ್ಲಿ ಕೂಗಿದರು: "ಅರೇ ಬಾಬಾ, ಗಿರಾಯಿಕ ಆಹೇ ತೇ!" ಬಂದವರು ಗಿರಾಕಿ, ಅದನ್ನಾದರೂ ನೆನಪಿಡು ಎಂದು ಅವರ ಗೋಳು. ಮಾಮಾ ಅದಕ್ಕೆ ಕಿವಿಗೊಡಲಿಲ್ಲ. ಹುಡುಗನ ಕೈಗೆ ಆ ದೊಡ್ಡ ರೈಫಲ್ಲನ್ನೇ ಕೊಟ್ಟ. "ಕಣ್ಣ ಮುಚ್ಚು. ಹಾಂ. ಈಗ ಚಿಗರಿ ಬಂತು ಅಂತ ತಿಳಕೊಂಡು ಎತ್ತಿ ಹೆಗಲಿಗೆ ಹಚ್ಚು. ಹಚ್ಚಿದ್ಯಾ? ಕಣ್ಣ ತಗಿ. ತುದೀ ಮಣಿ ಕಾಣಸ್ತೈತೇನು?"

"ಇಲ್ರಿ. ಬರೇ ನಳಗಿ ಕಾಣಸ್ತೈತಿ."

"ನೋಡ್ರಿ ಗೌಡ್ರ, ನಿಮ್ಮ ಮಗಗ ಬಂದೂಕ ಕಾಣಸ್ತೈತಿ, ಚಿಗರಿ ಕಾಣಸಂಗಿಲ್ಲ."

ಇದು ಅವನ ಪರೀಕ್ಷೆ. ಕಣ್ಣು ತೆರೆದ ಕೂಡಲೇ ಕುತ್ತಿಗೆ ಅಲುಗಿಸದೆ, ಗುರಿ ಹಿಡಿಯಲು ನಳಿಗೆಯ ತುದಿಗೆ ಕೂರಿಸಿದ ಮಣಿ ಕಂಡರೆ ಆ ಬಂದೂಕು ಆ ಹುಡುಗನದು. ಇನ್ನೊಂದು ಪರೀಕ್ಷೆಯೂ ಇತ್ತು. ಬಂದೂಕಿನ ಕುಂದಾ, ಅಂದರೆ ಹೆಗಲಿಗೆ ಆನಿಸುವ ಕಟ್ಟಿಗೆಯ ಭಾಗ, ಅದನ್ನು ಮಡಚಿದ ಮೊಳಕೈಯೊಳಗೆ ಇಟ್ಟು, ತೋರುಬೆರಳು ಟ್ರಿಗರಿಗೆ ಮುಟ್ಟುತ್ತದೋ ಇಲ್ಲವೋ ನೋಡುವುದು. ಮುಟ್ಟದಿದ್ದರೆ ಕುಂದಾ ಉದ್ದ. ಕುಂದಾ ಉದ್ದವಾದರೆ ಅದು ಹೆಗಲಿಗೆ ಕೂರುವುದಿಲ್ಲ, ಕಂಕುಳಿಗೆ ಜಾರುತ್ತದೆ. "ಕಂಕಳಾಗ ಬಂದೂಕ ಹಿಡದಾಂವ ಹುಲಿ ಬಾಲಾ ಹಿಡದಂಗ" ಎನ್ನುತ್ತಿದ್ದ ಮಾಮಾ. "ಬಂದೂಕ ಒದೀತೈತಿ. ಹೆಗಲಿದ್ರ ಹೆಗಲ ತಡೀತೈತಿ. ಕಂಕಳಾಗ ಯಾರ ತಡೀಬೇಕು?"

ಹಾಗೆಂದು ತೀರ ಸಣ್ಣದನ್ನೂ ಕೊಡುತ್ತಿರಲಿಲ್ಲ. ಯಾರೋ ಕಾಲೇಜು ಹುಡುಗರು ಹಕ್ಕಿ ಹೊಡೆಯುವ ಸಣ್ಣ ರೈಫಲ್ಲಿನಿಂದ ಚಿಗರಿ ಹೊಡೆಯುತ್ತೇವೆ ಎಂದಾಗ ಅವರನ್ನು ಅಂಗಡಿಯ ಮೆಟ್ಟಿಲಿಳಿಸಿದ್ದನ್ನು ನಾನೇ ನೋಡಿದ್ದೇನೆ. "ಅದರಲೇ ಹೊಡದ್ರ ಸಾಯಂಗಿಲ್ರೋ ಅದು. ಹೊಟ್ಯಾಗ ಗುಂಡ ಇಟಗೊಂಡು ಕಬ್ಬಿನಾಗ ಹೊಕ್ಕು ಹುಳಾ ಬಿದ್ದು ಸಾಯ್ತೈತಿ. ನಿಮ್ಮ ಮಜಾಕ ಅದು ಅಷ್ಟ ದಿನಾ ಯಾಕ ಸಾಯಬೇಕು?" ಕಲಿಯುವವನಿಗೆ ಒಂದೇ ನಳಿಗೆಯ, ಹಗುರವಾದ, ಆದರೆ ಚಿಗರಿಯನ್ನು ನಿಂತಲ್ಲೇ ಕೆಡವುವಷ್ಟು ಗಟ್ಟಿಯ ರೈಫಲ್ ಬೇಕು ಎಂಬುದು ಅವನ ಮಾತು. "ಎರಡನೇ ಗುಂಡ ಇಲ್ಲ ಅಂತ ಗೊತ್ತಿದ್ರ ಮೊದಲನೇದು ನೆಟ್ಟಗ ಹೊಡೀತಾನ. ಚಿಗರಿ ನೋಡಿ ಬಂದೂಕ ಆರಸಬ್ಯಾಡ್ರಿ, ಹುಡುಗನ್ನ ನೋಡಿ ಆರಸ್ರಿ."

ಮಲ್ಲು ಇದನ್ನೆಲ್ಲ ಮಾಮಾನ ದನಿಯಲ್ಲೇ ಆಡಿ ತೋರಿಸುತ್ತಿದ್ದ. ಉದ್ದ ಕುತ್ತಿಗೆಯ, ಕಡ್ಡಿಯಂಥ ಹುಡುಗ. ಮಾಮಾನ ಟೊಪ್ಪಿಗೆ ಹಾಕಿಕೊಂಡು, ಎದೆ ಮುಂದೆ ಮಾಡಿ, ಲಟ್ಟಣಿಗೆಯನ್ನು ಮಾಮಿಯ ಮೊಳಕೈಗೆ ಇಟ್ಟು, "ಮುಟ್ಟಂಗಿಲ್ಲ, ಮುಟ್ಟಂಗಿಲ್ಲ, ನಿಮಗ ಸಣ್ಣ ಲಟ್ಟಣಗಿ ಬೇಕ್ರಿ" ಎಂದರೆ ಮಾಮಾ ಕೂತಲ್ಲೇ ಹೊರಳಾಡಿ ನಗುತ್ತಿದ್ದ.

ಆ ಸೂಟಿಯಲ್ಲೇ ಮಲ್ಲು ಕೇಳಿದ: "ಮಾಮಾ, ನನಗ ಯಾವದು?"

ಮಾಮಾ ಎಲ್ಲವನ್ನೂ ಹಚ್ಚಿ ನೋಡಿದ. ಕೊನೆಗೆ ಒಂದು ಹಗುರ ರೈಫಲ್ ಸಿಕ್ಕಿತು. ಮಲ್ಲು ಕಣ್ಣು ಮುಚ್ಚಿ ಎತ್ತಿದ, ಕಣ್ಣು ತೆರೆದ. "ಮಣಿ ಕಂಡ್ತು ಮಾಮಾ! ನೆಟ್ಟಗ ಕುಂತೈತಿ!" ಮಾಮಾ ಶೇಟಜಿಗೆ ಕೂಗಿ ಹೇಳಿದ, ಇದನ್ನು ಯಾರಿಗೂ ತೋರಿಸಬಾರದು, ಇದು ನನ್ನ ಅಳಿಯನದು ಎಂದು.

ಈಗ ನಮ್ಮ ಮನೆಯ ಮಾತು. ನಾವೂ ಮಾಂಸ ಮುಟ್ಟದವರು. ಆದರೆ ಮನೆಯಲ್ಲಿ ರೈಫಲ್ ಇತ್ತು. ಯಾವುದೋ ಸಂಸ್ಥಾನದ ಸರದಾರರು ನನ್ನ ಮುತ್ತಜ್ಜನಿಗೆ ಕೊಟ್ಟದ್ದು. ಎರಡು ನಳಿಗೆ. ನಳಿಗೆಗಳ ಹಿಂದೆ ಕಿವಿಗಳಂತೆ ನಿಂತ ಎರಡು ಕುದುರೆ, ಅಂದರೆ ಗುಂಡಿಗೆ ಬಡಿದು ಸಿಡಿಸುವ ಕಬ್ಬಿಣದ ಕೊಕ್ಕೆ. ಆ ಕುದುರೆಗಳನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ಕೂರಿಸಿ, ಆಮೇಲೆ ಟ್ರಿಗರ್ ಒತ್ತಬೇಕು. ನನಗೆ ಅದನ್ನು ಎತ್ತಲಿಕ್ಕೇ ಆಗುತ್ತಿರಲಿಲ್ಲ. ನಮ್ಮ ಹಿರಿಯರು ಅದರಿಂದ ಹೊಡೆದ ಚಿಗರಿಗಳನ್ನು ಊರಿನ ಬೇರೆಯವರು ಹಂಚಿಕೊಂಡು ತಿಂದರು. ನಮ್ಮವರು ಕೋಡು ಮಾತ್ರ ತಂದು ಪಡಸಾಲೆಯ ಗೋಡೆಗೆ ಬಡಿದರು. ತಿನ್ನುವುದಕ್ಕಲ್ಲ, ಬೆಳೆ ಕಾಯುವುದಕ್ಕೂ ಅಲ್ಲ, ಗೋಡೆಗೋಸ್ಕರ. ಪ್ರತಿ ಖಂಡೇನವಮಿಗೆ ಆ ರೈಫಲ್ಲಿಗೆ ವಿಭೂತಿ, ಕುಂಕುಮ, ಚೆಂಡುಹೂವು. ಹಿರೀ ಮಗನಿಗೆ ಮೀಸೆ ಮೂಡಿದ ವರ್ಷ ಅದನ್ನು ಪೂಜೆಯಿಂದ ಎತ್ತಿ ಅವನ ಕೈಗೆ ಕೊಡಬೇಕು, ದೀಪಾವಳಿಯೊಳಗೆ ಅವನು ಒಂದು ಜೋಡಿ ಕೋಡು ತರಬೇಕು. ಇದು ನಮ್ಮ ಮನೆಯ ಪದ್ಧತಿ.

ಮಲ್ಲುವಿಗೆ ಮೀಸೆ ಮೂಡಿತು. ಖಂಡೇನವಮಿಯ ಮುಂಜಾನೆ ಮಾಮಾ ಕೊಲ್ಲಾಪುರದಿಂದ ಬಸ್ಸಿನಲ್ಲಿ ಬಂದ. ಕೈಯಲ್ಲಿ ಹಳೆಯ ಧೋತರದಲ್ಲಿ ಸುತ್ತಿದ ಉದ್ದನೆಯ ಗಂಟು. ಒಳಗೆ ಆ ಹಗುರ ರೈಫಲ್. ಅಪ್ಪ ಒಪ್ಪಿದರೆ ಕಾಗದಪತ್ರ ಮಾಡಿಸುವುದು ಎಂದು ಶೇಟಜಿಯನ್ನು ಕಾಡಿ ಬೇಡಿ ತಂದಿದ್ದ.

ನಮ್ಮ ಮನೆಗೆ ಬರುತ್ತಿದ್ದ ಮಾಮಾ ಅಂಗಡಿಯ ಮಾಮಾ ಅಲ್ಲ. ಹೊರಬಾಗಿಲಲ್ಲೇ ಚಪ್ಪಲಿ ಬಿಡುತ್ತಿದ್ದ. ಅಪ್ಪ ಹೊರಸಿನ ಮೇಲೆ ಕೂತರೆ ಇವನು ಕೆಳಗೆ ಜಮಖಾನೆಯ ತುದಿಗೆ ಕೂರುತ್ತಿದ್ದ. ಬಡಿಸಿದ್ದನ್ನು ಉಣ್ಣುತ್ತಿದ್ದ, ಇನ್ನೊಂದು ರೊಟ್ಟಿ ಕೇಳುತ್ತಿರಲಿಲ್ಲ. ಅಪ್ಪ ಅವನನ್ನೇ ಚೇಷ್ಟೆ ಮಾಡಿದರೂ ನಗುತ್ತಿದ್ದ. ಇವನು ಹೆಣ್ಣು ಕೊಟ್ಟ ಮನೆಯವನು, ನನ್ನ ಅವ್ವನ ತಮ್ಮ. ಅವರ ತಾಯಿ, ನನ್ನ ಅಜ್ಜಿ, ಅವನಿಗೆ ಚಿಕ್ಕಂದಿನಿಂದ ಹೇಳಿಕೊಟ್ಟದ್ದು ಒಂದೇ: "ಅಕ್ಕನ ಮನ್ಯಾಗ ತಗ್ಗಿ ಇರಬೇಕಪಾ. ಅಲ್ಲಿ ನೀ ಒಂದ ಮಾತ ಆಡಿದ್ರ ಅದು ಅಕ್ಕನ ತಾಟಿನಾಗ ಬೀಳ್ತೈತಿ."

ಪೂಜೆಯಾಯಿತು. ಅಪ್ಪ ಮುತ್ತಜ್ಜನ ರೈಫಲ್ ಎತ್ತಿ ಮಲ್ಲುವಿನ ಕೈಗೆ ಕೊಟ್ಟ. ಮಲ್ಲು ನಗುತ್ತ ಮಾಮಾನ ಕಡೆ ನೋಡಿ, ಯಾರೂ ಹೇಳದೆ ತಾನೇ ಕಣ್ಣು ಮುಚ್ಚಿ ಎತ್ತಿದ. ಕುಂದಾ ಅವನ ಅಂಗಿಗೆ ಸಿಕ್ಕಿ ಕಂಕುಳೊಳಗೆ ಜಾರಿತು. ಮಾಮಾ ಕೂತಲ್ಲಿಂದ ಎದ್ದ. ಮೊಳಕೈಗೆ ಇಟ್ಟು ನೋಡಿದ. ಬೆರಳು ಟ್ರಿಗರಿಗೆ ಮುಟ್ಟಲಿಲ್ಲ.

"ಭಾವಾರ," ಎಂದ, ಆ ದನಿ ನನಗೆ ಗುರುತೇ ಸಿಗಲಿಲ್ಲ, "ಒಂದೆರಡು ಬೆರಳಿನಷ್ಟ ಕಟಗಿ ಕೊಯ್ಸಿದ್ರ ಇವಗ ಸರಿ ಆಗ್ತೈತ್ರಿ."

"ಏನು?" ಅಪ್ಪ ಹೊರಸಿನ ಮೇಲೆ ನೆಟ್ಟಗೆ ಕೂತ. "ಪೂಜಿ ಮಾಡಿದ ಆಯುಧಕ್ಕ ಗರಗಸ ಹಚ್ಚೂದು? ನನ್ನ ಅಜ್ಜ ಹಿಡದದ್ದಕ್ಕ?"

"ಇಲ್ರಿ, ಅದು ಹಂಗ ಇರಲಿ. ನಾ ಒಂದು ತಂದೇನ್ರಿ, ಹುಡುಗಗ ಹೊಂದೂದು." ಧೋತರ ಬಿಚ್ಚಿದ.

ಅಪ್ಪ ಆ ಹಗುರ ರೈಫಲ್ಲನ್ನು ಒಂದೇ ಕೈಯಲ್ಲಿ ಎತ್ತಿ, ಕೂತಿದ್ದ ಜನಕ್ಕೆ ತೋರಿಸಿದ. "ಏನ್ ಬೀಗಾ, ಇದರಲೇ ಏನು ಗಿಳಿ ಓಡಸಬೇಕೇನು? ನಿಮ್ಮ ಶೇಟಜಿದು ಇದು ಮಾರಾಟ ಆಗವಲ್ದು, ಅದಕ್ಕ ಅಕ್ಕನ ಮನಿಗೆ ತಂದಿ." ಜನ ನಕ್ಕರು. ಮಾಮಾನೂ ನಕ್ಕ.

ಅವನು ನಕ್ಕದ್ದನ್ನು ನಾನು ನೋಡಿದೆ. ಅಡಿಗೆಮನೆಯ ಬಾಗಿಲಲ್ಲಿ ಅವ್ವ ಸೆರಗು ಹಿಡಿದು ನಿಂತಿದ್ದಳು. ಅವನು ಅವಳ ಕಡೆ ಒಮ್ಮೆ ನೋಡಿದ. ಆಮೇಲೆ ರೈಫಲ್ಲನ್ನು ಮತ್ತೆ ಧೋತರದಲ್ಲಿ ಸುತ್ತಿದ. ದತ್ತವಾಡದ ಗೌಡರ ಧೋತರ ಬಿಚ್ಚಿಸಹೊರಟವನು ಅವನೇ. ನನ್ನ ತಮ್ಮನಿಗೆ ಹೊಂದುವ ಬಂದೂಕು ಅವನ ಕೈಯಲ್ಲೇ ಇತ್ತು. ಅದನ್ನು ಹೊತ್ತುಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದ. ಹೋಗುವಾಗ ಮಲ್ಲುವಿಗೆ ಹೇಳಿದ್ದು ಇಷ್ಟು: "ಸಾವಕಾಶ ಹಿಡೀಪಾ."

ಸಾವಕಾಶ ಹಿಡೀಪಾ! ಎಂಥ ಮಾತು. ಅಂಗಡಿಯಲ್ಲಿ ಯಾರಾದರೂ ಈ ಮಾತು ಆಡಿದ್ದರೆ ಅವನೇ ಅವರ ಚರ್ಮ ಸುಲಿಯುತ್ತಿದ್ದ.

ದೀಪಾವಳಿ ಇನ್ನೂ ಬಂದಿರಲಿಲ್ಲ. ಒಂದು ಬೆಳಗ್ಗೆ ಮಲ್ಲು ನಮ್ಮ ಹೊಲದ ಆಳು ಸಿದ್ರಾಮನ ಜೊತೆ ಗುಡ್ಡದ ಬುಡಕ್ಕೆ ಹೋದ. ಮುಂದಿನದು ಸಿದ್ರಾಮ ಹೇಳಿದ್ದು. ಕಬ್ಬಿನಿಂದ ಚಿಗರಿ ಹೊರಬಿದ್ದಿತು. ಮಲ್ಲು ಎರಡೂ ಕುದುರೆ ಎಳೆದು ಕೂರಿಸಿದ್ದ. ಎತ್ತಿದ, ಕುಂದಾ ಹೆಗಲಿಗೆ ಕೂರಲಿಲ್ಲ, ಕಂಕುಳಲ್ಲೇ ಒತ್ತಿ ಹಿಡಿದು ಹೊಡೆದ. ಒದೆತಕ್ಕೆ ರೈಫಲ್ ಕೈಯಿಂದ ಹಾರಿ ಕಲ್ಲಿನ ಮೇಲೆ ಬಿತ್ತು. ಬಿದ್ದ ಏಟಿಗೆ ಎರಡನೆಯ ನಳಿಗೆ ಸಿಡಿಯಿತು. ಗುಂಡು ಮಲ್ಲುವಿನ ಹೊಟ್ಟೆಗೆ ಹೊಕ್ಕಿತು. ಗಾಡಿ ಕಟ್ಟಿ ಗಡಹಿಂಗ್ಲಜದ ದವಾಖಾನೆಗೆ ಒಯ್ಯುವಾಗ ದಾರಿಯಲ್ಲೇ ಹೋದ. ಚಿಗರಿಗೆ ಏನೂ ಆಗಿರಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಪಡಸಾಲೆ ತುಂಬ ಜನ. ಅಪ್ಪ ಎಲ್ಲರೆದುರು ಮಾಮಾನ ಅಂಗಿ ಹಿಡಿದ. "ಕೊಲ್ಲಾಪುರದಾಗ ಕುಂತು ಊರ ಮಂದಿಗೆಲ್ಲಾ ಬಂದೂಕ ಹೇಳಾಂವ, ನನ್ನ ಮಗನ ಪಾಳಿಗೆ ನಿನ್ನ ಬಾಯಿ ಸತ್ತಿತ್ತೇನೋ?"

ಹೇಳಿದ್ದೆ, ನೀವು ನಕ್ಕಿರಿ ಎಂದು ಅವನು ಅನ್ನಬಹುದಿತ್ತು. ಅಲ್ಲಿದ್ದ ಅರ್ಧ ಜನ ಅಂದು ನಕ್ಕವರೇ. ಅವನು ಟೊಪ್ಪಿಗೆ ತೆಗೆದು, "ತಪ್ಪಾತ್ರಿ ಭಾವಾರ" ಎಂದ. ಅವತ್ತಿನಿಂದ ಊರಿನಲ್ಲಿ ಮಲ್ಲು ಸತ್ತದ್ದು ಮಾಮಾನ ತಪ್ಪಿನಿಂದ. ಅಪ್ಪನಿಗೆ ನೆಮ್ಮದಿಯಾಯಿತು. ನನಗೆ ಇಬ್ಬರ ಮೇಲೂ ಬಂದ ಸಿಟ್ಟು ಇಳಿಯಲೇ ಇಲ್ಲ. ಅಪ್ಪ ಕೇಳಿದ್ದು ಮೋಸದ ಪ್ರಶ್ನೆ, ಆದರೆ ನನಗೂ ಬೇರೆ ಪ್ರಶ್ನೆ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅಂಗಡಿಯಲ್ಲಿ ಮಾಮಾನ ನಾಲಿಗೆ ಇನ್ನೂ ಹರಿತವಾಯಿತಂತೆ. ಮೊದಲು ಚೇಷ್ಟೆ ಮಾಡಿ ಕಳಿಸುತ್ತಿದ್ದವನು ಈಗ ಕೂಗಾಡುತ್ತಿದ್ದನಂತೆ. ಒಬ್ಬ ತಂದೆಗೆ, "ಮಗನ್ನ ಹೂಳಾಕ ಜಾಗಾ ನೋಡಿ ಬಂದೀರೇನು?" ಎಂದನಂತೆ. ಶೇಟಜಿ ಎರಡು ಸಲ ಅವನನ್ನು ಮನೆಗೆ ಕಳಿಸಿ, ಎರಡು ಸಲ ತಾವೇ ಕರೆಸಿಕೊಂಡರು. ಪಾಪ, ಅಳಿಯನ ದುಃಖ ಎಂದು ಜನ ಮರುಗಿದರು. ಊರ ಮಕ್ಕಳನ್ನೆಲ್ಲ ಉಳಿಸಿದ ಪುಣ್ಯಾತ್ಮ ಎಂದರು. ನನಗೆ ಕೇಳಿ ಮೈ ಉರಿಯುತ್ತಿತ್ತು. ಊರ ಮಕ್ಕಳ ತಂದೆಯರು ಅವನಿಗೆ ಬೀಗರಲ್ಲ. ಅವರನ್ನು ಬೈಯಲು ಎದೆ ಬೇಕಾಗಿರಲಿಲ್ಲ.

ನನ್ನ ಮದುವೆ ಇಚಲಕರಂಜಿಗೆ ಆಯಿತು. ನನ್ನ ಮಾವನವರು ಬನಹಟ್ಟಿಯ ಕಡೆಯಿಂದ ಬಂದು ಬೇರೆಯವರ ಪಾವರ್‌ಲೂಮಿನಲ್ಲಿ ದುಡಿದು, ನಿಧಾನವಾಗಿ ತಮ್ಮವೇ ಮಗ್ಗ ಹಾಕಿಕೊಂಡವರು. ಕೆಟ್ಟವರಲ್ಲ. ಆದರೆ ಮಗ್ಗದ ಸದ್ದು ಹೆಚ್ಚಾದಂತೆ ಅವರಿಗೆ ವಾಡೆಯವರ ಹಾಗೆ ಇರಬೇಕೆಂಬ ಆಸೆಯೂ ಹೆಚ್ಚಾಯಿತು. ಯಾವುದೋ ಸರದಾರರ ವಾಡೆಯ ಸಾಮಾನು ಮಾರಾಟಕ್ಕೆ ಬಂದಾಗ ಒಂದು ಹಳೆಯ ದೊಡ್ಡ ರೈಫಲ್ ಕೊಂಡು ತಂದರು. ಪರವಾನಗಿಯನ್ನೂ ಹೇಗೋ ಮಾಡಿಸಿದರು. ಅದು ನನ್ನ ಮೈದುನ ಬಸುವಿಗೆ. ಅವನ ಗೆಳೆಯರು ಜೀಪು ಮಾಡಿಕೊಂಡು ಜಯಸಿಂಗಪುರದ ಆಚೆಯ ಬಯಲಿಗೆ ಚಿಗರಿ ಹೊಡೆಯಲು ಹೋಗುತ್ತಿದ್ದರು. ಬಸು ಮಲ್ಲುವಿನ ವಯಸ್ಸಿನವನು. ಅಂದರೆ, ಮಲ್ಲು ನಿಂತುಹೋದ ವಯಸ್ಸಿನವನು.

ಗಂಡನಿಗೆ ಹೇಳಿದೆ. ಅತ್ತೆಗೆ ಹೇಳಿದೆ. "ನಿಮ್ಮ ತಮ್ಮಂದು ಹಣೀಬರಾ ಹಂಗಿತ್ತವಾ, ಎಲ್ಲಾರದೂ ಹಂಗ ಇರತೈತೇನು?" ಎಂದರು ಅತ್ತೆ.

ದಸರೆ ಬಂತು. ಇಚಲಕರಂಜಿಯಲ್ಲಿ ಖಂಡೇನವಮಿಗೆ ಮಗ್ಗಗಳಿಗೇ ಪೂಜೆ. ಊರಿಡೀ ಸದ್ದು ನಿಂತು, ಕಿವಿ ಕಿವುಡಾದಂತೆ ಅನಿಸುತ್ತದೆ. ನಮ್ಮ ಶೆಡ್ಡಿನಲ್ಲೂ ಮಗ್ಗ ತೊಳೆದು, ವಿಭೂತಿ ಹಚ್ಚಿ, ಕಬ್ಬು ಕಟ್ಟಿದ್ದರು. ಆ ವರ್ಷ ಅವುಗಳ ನಡುವೆ ರೈಫಲ್ಲಿಗೂ ಪೂಜೆಯಾಯಿತು. ಮರುದಿನ ಸಂಜೆ ಬನ್ನಿ ಕೊಡಲು ಮಾಮಾ ಬಂದ. ಇಲ್ಲಿಯೂ ಅವನು ಹೆಣ್ಣು ಕೊಟ್ಟ ಕಡೆಯವನೇ. ಮಾವನವರಿಗೆ ಬನ್ನಿ ಎಲೆ ಕೊಟ್ಟು, ಬಗ್ಗಿ ನಮಸ್ಕಾರ ಮಾಡಿ, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಬೀಗರ" ಎಂದು ಕುರ್ಚಿಯ ತುದಿಗೆ ಕೂತ.

"ನೀವು ಬಂದದ್ದು ಛಲೋ ಆತು," ಮಾವನವರು ಅಂದರು. "ಬಸು, ರೈಫಲ್ ತಾ. ನಮ್ಮ ಬೀಗರಿಗೆ ತೋರಸು. ಇಂಥಾದು ಅವರ ಅಂಗಡ್ಯಾಗೂ ಇರಲಿಕ್ಕಿಲ್ಲ."

ಬಸು ತಂದ. ಒಂದು ಮಂಡಿಯೂರಿ, ಠೀವಿಯಿಂದ ಎತ್ತಿದ. ಕುಂದಾ ಕಂಕುಳಿಗೆ ಜಾರಿತು.

ನಾನು ಚಹದ ಬಟ್ಟಲುಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮಾಮಾ ನನ್ನನ್ನು ನೋಡಿದ. ಅಂದು ಅವ್ವನನ್ನು ನೋಡಿದ ಹಾಗೆಯೇ. ಅವ್ವ ಅಂದು ತಲೆ ತಗ್ಗಿಸಿದ್ದಳು. ನಾನು ತಗ್ಗಿಸಲಿಲ್ಲ. ಮಾವನವರು ಕೂತಿದ್ದಾರೆ, ಗಂಡ ಕೂತಿದ್ದಾನೆ, ಅವರೆದುರು ನಾನು ಎಂದೂ ಗಟ್ಟಿಯಾಗಿ ಮಾತಾಡಿದವಳಲ್ಲ. "ಮಾಮಾ, ಹೇಳು" ಎಂದೆ.

ಅವನು ಹೇಳಲಿಲ್ಲ. ಎದ್ದು ಬಸುವಿನ ಕೈಯಿಂದ ರೈಫಲ್ ಇಸಕೊಂಡು, ಅದರಲ್ಲಿ ಗುಂಡು ಇಲ್ಲವೆಂದು ತೆರೆದು ನೋಡಿದ. ಮೊಳಕೈಗೆ ಇಟ್ಟು ನೋಡಿದ. "ಬಸು, ಸುತಾರನ ಪೆಟಿಗಿ ಎಲ್ಲಿ ಐತಿ? ಪೇಚ್‌ಕಸ್ ತಾ, ಗರಗಸ ತಾ" ಎಂದ.

ಎಲ್ಲರೂ ಚೇಷ್ಟೆ ಎಂದುಕೊಂಡರು. ಬಸು ನಗುತ್ತ ತಂದುಕೊಟ್ಟ. ಮಾಮಾ ಕುಂದಾದ ಹಿಂದಿನ ಕಬ್ಬಿಣದ ಪಟ್ಟಿಯ ತಿರುಪು ಬಿಚ್ಚಿ ತೆಗೆದ. ಎರಡು ಬೆರಳು ಇಟ್ಟು ಉಗುರಿನಿಂದ ಗೀರಿದ. ಮೊಣಕಾಲಿನ ಕೆಳಗೆ ರೈಫಲ್ ಒತ್ತಿ ಹಿಡಿದು, ಗರಗಸ ಹಚ್ಚಿದ. ಮಗ್ಗಗಳು ಸುಮ್ಮನಿದ್ದ ಆ ಮನೆಯಲ್ಲಿ ಗರಗಸದ ಸದ್ದು ಎಷ್ಟು ದೊಡ್ಡದಾಗಿ ಕೇಳಿತೆಂದರೆ ಪಕ್ಕದ ಮನೆಯವರು ಬಂದು ಇಣುಕಿದರು.

"ಏ ಬೀಗರ! ಏನ ಮಾಡಾಕತ್ತೀರಿ? ಪೂಜಿ ಮಾಡೇವ್ರಿ ಅದಕ್ಕ!" ಮಾವನವರು ಜಿಗಿದೆದ್ದರು.

"ಕಟಗಿರಿ ಬೀಗರ ಇದು. ಕಟಗಿ ಮತ್ತ ಬೆಳೀತೈತಿ." ಅವನ ಕೈ ನಿಲ್ಲಲಿಲ್ಲ.

"ಹೆಣ್ಣ ಕೊಟ್ಟ ಮನಿಯವ್ರು ನೀವು, ನೆನಪ ಇಟಗೋರಿ!"

"ಇಟಗೊಂಡೇನ್ರಿ. ಒಂದ ಸಲ ಭಾಳ ನೆನಪ ಇಟಗೊಂಡಿದ್ದೆ."

ವಿಭೂತಿ ಹಚ್ಚಿದ ತುಂಡು ಕೆಳಗೆ ಬಿತ್ತು. ಮಾಮಾ ಪಟ್ಟಿಯನ್ನು ಮತ್ತೆ ತಿರುಪಿ ಕೂರಿಸಿ ಬಸುವಿನ ಕೈಗೆ ಕೊಟ್ಟ. "ಕಣ್ಣ ಮುಚ್ಚಿ ಎತ್ತು" ಎಂದ. ಬಸು ಹೆದರಿ ತನ್ನ ಅಪ್ಪನ ಮುಖ ನೋಡಿದ, ಆಮೇಲೆ ಎತ್ತಿದ. ಹೆಗಲಿಗೆ ಕೂತಿತು. ಮಾವನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾಮಾ ಚಹ ಕುಡಿಯದೆ ಹೋದ.

ಬಸು ಮುಂದೆ ಎಷ್ಟು ಚಿಗರಿ ಹೊಡೆದ, ಹೊಡೆದನೋ ಇಲ್ಲವೋ, ನಾನು ಕೇಳಲಿಲ್ಲ. ಬದುಕಿದ್ದಾನೆ. ಮದುವೆಯಾಗಿದೆ. ಮಾಮಾ ಸತ್ತ ಸುದ್ದಿ ಬಂದಾಗ ಅವನೇ ನನ್ನನ್ನು ಕೊಲ್ಲಾಪುರಕ್ಕೆ ಕರೆದುಕೊಂಡು ಬಂದ. ಬಸ್ಸಿನಲ್ಲಿ, "ವೈನಿ, ಅವರು ನನ್ನ ಉಳಿಸಿದ್ರು" ಎಂದು ಕಣ್ಣು ಒರೆಸಿಕೊಂಡ. ನಾನು ಕಿಟಕಿಯ ಕಡೆ ತಿರುಗಿದೆ. ಅವನು ಬದುಕಿದ್ದಕ್ಕೆ ನನಗೆ ಸಂತೋಷವಿಲ್ಲ ಎಂದಲ್ಲ. ಆದರೆ ಎಲ್ಲರೂ ಯಾವುದಕ್ಕೆ ಮಾಮಾನನ್ನು ಹೊಗಳುತ್ತಾರೋ ಅದಕ್ಕೇ ನಾನು ಅವನನ್ನು ಕ್ಷಮಿಸಲಾರೆ. ಬೀಗರೆದುರು ಬಾಯಿ ತೆರೆಯುವುದು ಅವನಿಂದ ಆಗುವುದೇ ಇಲ್ಲ ಎಂದಿದ್ದರೆ ಕ್ಷಮಿಸುತ್ತಿದ್ದೆ. ಹುಟ್ಟಿನಿಂದ ಕುಂಟನಾದವನನ್ನು ಓಡಲಿಲ್ಲವೇಕೆ ಎಂದು ಯಾರೂ ಕೇಳುವುದಿಲ್ಲ. ಅವನಿಂದ ಆಗುತ್ತಿತ್ತು.

ಅವನ ಮನೆಯ ಹಿತ್ತಲಲ್ಲಿ ನಾನು ಕೂತಿದ್ದಾಗ ಅವ್ವ ಬಂದು ಪಕ್ಕದಲ್ಲಿ ಕೂತಳು. "ಸಿಟ್ಟ ಬಿಡ ಗಂಗೂ. ಅವತ್ತ ಅಂವಾ ಸುಮ್ಮಕಿದ್ದದ್ದು ನನ್ನ ಸಲುವಾಗಿ. ನಿಮ್ಮಪ್ಪ ನನಗ ತ್ರಾಸ ಕೊಟ್ಟಾನು ಅಂತ ಅಂಜಿದ."

"ನನ್ನ ಮನ್ಯಾಗ ಗರಗಸ ಹಿಡಿಯುವಾಗ ಅಂಜಲಿಲ್ಲಲ್ಲವ್ವಾ?"

"ಅಷ್ಟರಾಗ ಕಲತಿದ್ದ."

"ಅಂವಗ ಕಲಸಾಕ ಮಲ್ಲೂನ ಬೇಕಾಗಿದ್ನೇನು?"

ಅವ್ವ ಸೆರಗಿನಿಂದ ನನ್ನ ಮುಖ ಒರೆಸಲು ಬಂದಳು, ನಾನು ಕೈ ಹಿಡಿದು ತಡೆದೆ. ನಾನು ಅವಳಿಗೆ ಹೇಳಬೇಕಾದ ಇನ್ನೊಂದು ಮಾತಿತ್ತು, ಹೇಳಲಿಲ್ಲ. ಅದು ಇದು.

ಹೆಣ್ಣು ಕೊಟ್ಟವರು ಬಾಯಿ ತೆರೆದರೆ ಹೆಣ್ಣಿಗೆ ಏನೋ ಆಗುತ್ತದೆ ಎಂದು ನಮ್ಮ ಅಜ್ಜಿ ಅಂಜಿದಳು, ಅವ್ವ ಅಂಜಿದಳು, ಮಾಮಾ ಅಂಜಿದ. ಆ ಏನೋ ಎಂಬುದು ಏನೆಂದು ಅವರಲ್ಲಿ ಯಾರಿಗೂ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಮಾಮಾ ಗರಗಸ ಹಚ್ಚಿ ಹೋದ ಮೇಲೆ ಮಾವನವರು ಕೆಲವು ದಿನ ನನ್ನ ಕೈಯ ನೀರು ಕೇಳಲಿಲ್ಲ. ಅತ್ತೆ ಎರಡು ಮಾತು ಆಡಿದರು. ಮುಂದಿನ ನಾಗರಪಂಚಮಿಗೆ ನನ್ನನ್ನು ತವರಿಗೆ ಕಳಿಸಲಿಲ್ಲ. ಅಷ್ಟೇ. ಓಣಿಯ ಸೊಸೆಯರೆಲ್ಲ ತವರಿಗೆ ಹೋದ ಆ ಪಂಚಮಿಗೆ ನಾನು ಇಚಲಕರಂಜಿಯಲ್ಲೇ ಉಂಡಿ ಕಟ್ಟಿದೆ. ವೈನಿಗೆ ಬೇಸರವಾಗಬಾರದೆಂದು ಬಸು ಶೆಡ್ಡಿನ ತೊಲೆಗೆ ಹಗ್ಗ ಹಾಕಿ ಜೋಕಾಲಿ ಕಟ್ಟಿಕೊಟ್ಟ, ಎರಡು ಸಲ ತೂಗಿದ. ಅತ್ತೆ ಕೂಡ ಬಂದು ನಕ್ಕು ಹೋದರು. ನನ್ನ ತಮ್ಮನ ಜೀವವನ್ನು ನಮ್ಮವರು ಯಾವುದಕ್ಕೆ ಕೊಟ್ಟಿದ್ದರೆಂದು ಆ ಜೋಕಾಲಿಯ ಮೇಲೆ ಕೂತು ನಾನು ತಿಳಿದುಕೊಂಡೆ.